ಹತ್ತನೆಯದು ಧಾರವಾಡದಲ್ಲಿ

ಅತ್ತೆ ಬಚ್ಚಲಲ್ಲಿ ಕಾಲು ಜಾರಿ ಬಿದ್ದು ತೊಡೆಯ ಎಲುಬು ಮುರಿದುಕೊಂಡಾಗ ನನ್ನ ಎಂಟನೆಯ ತರಗತಿಯ ಪರೀಕ್ಷೆ ಆಗಷ್ಟೇ ಮುಗಿದಿತ್ತು. ತೊಂಬತ್ತರ ದಶಕದ ನಡುವಿನ ಮಾತು. ಪುಣೆಯ ಧನಕವಡಿಯಲ್ಲಿ ನಮ್ಮದು ಎರಡು ಕೋಣೆಯ ಮನೆ. ಅಪ್ಪ ಹಡಪಸರದ ಕಡೆಯ ಕಾರ್ಖಾನೆಯೊಂದರಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದ. ಅವ್ವ ಮನೆಯಲ್ಲೇ ಇರುತ್ತಿದ್ದಳು. ನನಗಿಂತ ಆರು ವರ್ಷ ಚಿಕ್ಕವನಾದ ತಮ್ಮ ಆಗ ಎರಡನೆಯ ತರಗತಿ. ಅತ್ತೆ ಎಂದರೆ ಅಪ್ಪನ ಅಕ್ಕ, ಧಾರವಾಡದಲ್ಲಿ ಇದ್ದವಳು. ಮಕ್ಕಳಿರಲಿಲ್ಲ. ಮಾವನಿಗೆ ದಿನವೂ ಹುಬ್ಬಳ್ಳಿಗೆ ಹೋಗಿಬರುವ ನೌಕರಿ.

ಪಕ್ಕದ ಮನೆಗೆ ಫೋನು ಬಂದಿತ್ತು. ಮಾತಾಡಿ ಬಂದ ಅಪ್ಪ ಬಾಗಿಲಲ್ಲೇ ನಿಂತು ಅವ್ವನಿಗೆ ಹೇಳಿದ: "ಆಕಿ ಹಾಸಿಗಿ ಹಿಡದಾಳ. ಯಾರರೆ ಬೇಕು ಜೋಡಿಗೆ. ಇವಳ್ನ ಕಳಸೋಣು. ಹೆಂಗೂ ಸೂಟಿ ಅದ. ಎರಡ ತಿಂಗಳ ಮಾತು."

ಅವ್ವ ಚಪಾತಿ ಲಟ್ಟಿಸುವುದನ್ನು ನಿಲ್ಲಿಸದೆ ನನ್ನತ್ತ ನೋಡಿದಳು. "ಹೋಗ್ತೀಯೇನವಾ?" ಎಂದು ಕೇಳಿದಳು. ಬರೀ ಕೇಳುವುದಕ್ಕೆ ಕೇಳಿದ್ದು ಅದು. ನಾನು ಉತ್ತರ ಕೊಡುವ ಮೊದಲೇ ಅಪ್ಪ ಅಟ್ಟದ ಮೇಲಿನ ಚೀಲ ಇಳಿಸಿ ಧೂಳು ಕೊಡವುತ್ತಿದ್ದ.

ಎರಡು ತಿಂಗಳಲ್ಲಿ ಎಲುಬು ಕೂಡಲಿಲ್ಲ. ಒಳಗೆ ಕೂರಿಸಿದ ರಾಡಿನ ಹತ್ತಿರ ಕೀವಾಗಿ ಮತ್ತೊಮ್ಮೆ ಆಪರೇಷನ್ ಆಯಿತು. ಜೂನ್ ಬಂತು. ಪುಣೆಯಲ್ಲಿ ನನ್ನ ಶಾಲೆ ಶುರುವಾಯಿತು, ನಾನು ಧಾರವಾಡದಲ್ಲಿ ಅತ್ತೆಯ ಹಾಸಿಗೆಯ ಬಳಿ ಇದ್ದೆ. ಅಪ್ಪ ಒಂದು ದಿನ ಬಂದು ಶಾಲೆಯ ದಾಖಲೆಗಳನ್ನೆಲ್ಲ ತಂದು ಅಲ್ಲಿಯ ಇಂಗ್ಲಿಷ್ ಮಾಧ್ಯಮದ ಶಾಲೆಯೊಂದರಲ್ಲಿ ನನ್ನನ್ನು ಒಂಬತ್ತನೆಯ ತರಗತಿಗೆ ಸೇರಿಸಿದ. "ಧಾರವಾಡದ ಸಾಲಿ ಅಂದ್ರ ಸುಮ್ನ ಅಲ್ಲ. ಪುಣೇಕ್ಕಿಂತ ಇಲ್ಲೇ ಭಾಳ ಛಲೋ ಕಲಸ್ತಾರ," ಎಂದು ನನಗೆ ಸಮಾಧಾನ ಹೇಳಿದ. ಮರುವರ್ಷ ಅತ್ತೆ ಕೋಲು ಹಿಡಿದು ನಡೆಯತೊಡಗಿದ ಮೇಲೆ ನಾನು ವಾಪಸು ಹೋಗುತ್ತೇನೆ ಎಂದಾಗ ಶಾಲೆಯವರೂ ಅಪ್ಪನೂ ಒಂದೇ ಮಾತು ಹೇಳಿದರು: ಹತ್ತನೆಯ ತರಗತಿಗೆ ಬಂದ ಮೇಲೆ ಬೋರ್ಡು ಬದಲಿಸುವುದು ಹುಚ್ಚುತನ. ಅದೂ ಸರಿಯೇ ಅನ್ನಿಸಿತು. ಆ ಹೊತ್ತಿಗೆ ಎಲ್ಲವೂ ಸರಿಯೇ ಅನ್ನಿಸುತ್ತಿತ್ತು.

ಆ ಎರಡು ವರ್ಷ ನಾನು ಮಾಡಿದ ಕೆಲಸಗಳನ್ನು ಇಲ್ಲಿ ಪಟ್ಟಿ ಮಾಡುವುದಿಲ್ಲ. ಹಾಸಿಗೆ ಹಿಡಿದವರ ಸೇವೆ ಮಾಡಿದವರಿಗೆ ಅದು ಗೊತ್ತಿರುತ್ತದೆ. ಗಾಯದ ಪಟ್ಟಿ ಬದಲಿಸುವುದನ್ನು ಡಾಕ್ಟರರ ಕಂಪೌಂಡರ್ ನನಗೆ ಕಲಿಸಿದ. ಅತ್ತೆಗೆ ಅವನ ಕೈ ಆಗುತ್ತಿರಲಿಲ್ಲ, ಅವನು ಬಂದರೆ ಕಿರಿಚುತ್ತಿದ್ದಳು. ಮೊದಲ ಸಲ ಕೀವು ಕಂಡಾಗ ನಾನು ಹಿತ್ತಲಿಗೆ ಓಡಿ ವಾಂತಿ ಮಾಡಿದೆ. ಕೆಲವು ದಿನಗಳಲ್ಲಿ ಅದು ನಿಂತಿತು. ಬರಬರುತ್ತ ಗಾಯದ ಅಂಚು ಕೆಂಪಗಿದೆಯೋ ಗುಲಾಬಿ ಬಣ್ಣಕ್ಕೆ ತಿರುಗಿದೆಯೋ ಎಂದು ನೋಡುವ ಕುತೂಹಲ ಹುಟ್ಟಿತು. ವಾರಕ್ಕೊಮ್ಮೆ ಬರುತ್ತಿದ್ದ ಡಾಕ್ಟರು ಒಮ್ಮೆ ಪಟ್ಟಿ ಬಿಚ್ಚಿ ನೋಡಿ, "ಈ ಹುಡುಗಿ ಕೈ ಭಾಳ ಛಲೋ ಅದರೀ. ಇಕೀನ್ನ ಡಾಕ್ಟರ್ ಮಾಡ್ರಿ," ಎಂದು ಮಾವನಿಗೆ ಹೇಳಿದರು. ಹೋಗುತ್ತ ಹೋಗುತ್ತ ಆಡಿದ ಮಾತು. ಚಪ್ಪಲಿ ಮೆಟ್ಟುವ ಹೊತ್ತಿಗೆ ಅವರಿಗೆ ಅದು ಮರೆತಿರಬೇಕು. ನನಗೆ ಮಾತ್ರ ಆ ದಿನದಿಂದ ಬೇರೆ ಯೋಚನೆ ಬರಲಿಲ್ಲ.

ಇನ್ನೊಂದು ಲಾಭವೂ ಆಯಿತು ಎನ್ನಬೇಕು. ಪುಣೆಯಲ್ಲಿ ಮರಾಠಿ ಇಂಗ್ಲಿಷುಗಳಲ್ಲೇ ಓದಿ, ಕನ್ನಡವನ್ನು ಬರೀ ಬಾಯಲ್ಲಿ ಬಲ್ಲವಳಾಗಿದ್ದ ನಾನು ಓದುವುದು ಬರೆಯುವುದು ಕಲಿತೆ. ಮತ್ತೆ ಗಣಿತ. ಅಲ್ಲಿ ಗಣಿತ ಕಲಿಸುತ್ತಿದ್ದ ಶಿಕ್ಷಕಿಯೊಬ್ಬರು ಪ್ರಮೇಯವನ್ನು ಹಲಗೆಯ ಮೇಲೆ ಅರ್ಧ ಬರೆದು, ಸೀಮೆಸುಣ್ಣ ಮೇಜಿನ ಮೇಲಿಟ್ಟು, "ಮುಂದ?" ಎಂದು ನಮ್ಮ ಕಡೆ ನೋಡುತ್ತ ನಿಲ್ಲುತ್ತಿದ್ದರು. ಆ "ಮುಂದ?" ಕೇಳಲು ನಾನು ಕಾಯುತ್ತಿದ್ದೆ. ಮನೆಯ ಔಷಧದ ವಾಸನೆಯಿಂದ ಹೊರಬಿದ್ದು ಕೂರುವ ಆ ತಾಸು ಇಡೀ ದಿನದಲ್ಲಿ ನನ್ನದೇ ಆದ ತಾಸು. ಹತ್ತನೆಯ ಪರೀಕ್ಷೆಯಲ್ಲಿ ಗಣಿತದಲ್ಲಿ ಶಾಲೆಗೇ ಮೊದಲಿಗಳಾದೆ. ಅತ್ತೆ ಕೋಲೂರಿಕೊಂಡು ಬಂದು ನನ್ನ ಬಾಯಿಗೆ ಸಕ್ಕರೆ ಹಾಕಿದಳು. ಮರುವಾರ ಅಪ್ಪ ಬಂದು ನನ್ನನ್ನು ಕರೆದುಕೊಂಡು ಹೋದ.

ಪುಣೆಗೆ ಬಂದಾಗ ಹನ್ನೊಂದನೆಯ ತರಗತಿಯ ಪ್ರವೇಶದ ಗದ್ದಲ ನಡೆದಿತ್ತು. ವಿಜ್ಞಾನಕ್ಕೆ ಸೀಟು ಸಿಗಲು ತೊಂದರೆಯಾಗಲಿಲ್ಲ. ತೊಂದರೆ ಶುರುವಾದದ್ದು ವಿಷಯ ಆರಿಸುವಲ್ಲಿ. ಭೌತಶಾಸ್ತ್ರ, ರಸಾಯನಶಾಸ್ತ್ರ ಎಲ್ಲರಿಗೂ ಇದ್ದದ್ದೇ. ಉಳಿದದ್ದರಲ್ಲಿ ಇಂಜಿನಿಯರ್ ಆಗುವವರು ಗಣಿತ, ಡಾಕ್ಟರ್ ಆಗುವವರು ಜೀವಶಾಸ್ತ್ರ. ಎರಡನ್ನೂ ಇಟ್ಟುಕೊಳ್ಳಬಹುದಿತ್ತು. ನಾನು ಎರಡನ್ನೂ ಬರೆದುಕೊಟ್ಟಿದ್ದೆ.

ನಮ್ಮ ಓಣಿಯ ತುದಿಯಲ್ಲಿ ಹಿಟ್ಟಿನ ಗಿರಣಿಯ ಮೇಲಿನ ಮಹಡಿಯಲ್ಲಿ ಒಬ್ಬ ಸರ್ ಕ್ಲಾಸು ನಡೆಸುತ್ತಿದ್ದರು. ನನ್ನ ಪಾಳಿ ಬರುವ ಸ್ವಲ್ಪ ಮೊದಲಷ್ಟೇ ಮೆಡಿಕಲ್ಲಿಗೆ ರಾಜ್ಯದ ಪ್ರವೇಶ ಪರೀಕ್ಷೆ ಬಂದಿತ್ತು. ಅದುವರೆಗೆ ಹನ್ನೆರಡನೆಯದರ ಅಂಕಗಳ ಮೇಲೆಯೇ ಸೀಟು ಕೊಡುತ್ತಿದ್ದರು. ಹೊಸ ಪರೀಕ್ಷೆ ಹೇಗಿರುತ್ತದೆಂದು ಯಾರಿಗೂ ಸರಿಯಾಗಿ ಗೊತ್ತಿರದ ಆ ದಿನಗಳಲ್ಲಿ ಗೊತ್ತಿದೆ ಎಂದು ಹೇಳುವವರ ಕ್ಲಾಸುಗಳು ತುಂಬಿಹೋಗುತ್ತಿದ್ದವು. ಅಪ್ಪ ನನ್ನನ್ನು ಅಲ್ಲಿಗೆ ಕರೆದೊಯ್ದ. ಕೆಳಗೆ ಗಿರಣಿ ಗಡಗಡ ಎನ್ನುತ್ತಿತ್ತು, ಸರ್ ಅದರ ಮೇಲೆ ದನಿ ಎತ್ತಿ ಮರಾಠಿಯಲ್ಲಿ ಕೇಳಿದರು: ಮೆಡಿಕಲ್ ಬೇಕೋ, ಇಂಜಿನಿಯರಿಂಗ್ ಬೇಕೋ?

"ಮೆಡಿಕಲ್," ಎಂದೆ.

"ಹಾಗಿದ್ದರೆ ಗಣಿತ ಯಾಕೆ? ಸುಮ್ಮನೆ ಓಝಂ," ಎಂದರು. ಹೊರೆ ಎಂಬ ಅರ್ಥದ ಮರಾಠಿ ಮಾತು. "ಎರಡು ದೋಣಿಯಲ್ಲಿ ಕಾಲಿಟ್ಟವರು ನನ್ನ ಕ್ಲಾಸಿಗೆ ಬೇಡ. ಗಣಿತ ಬಿಡು, ಭೂಗೋಳ ತಗೋ. ಓದದೆ ಪಾಸಾಗ್ತೀಯ. ಆ ಸಮಯವೆಲ್ಲ ಜೀವಶಾಸ್ತ್ರಕ್ಕೆ ಹಾಕು."

ಮನೆಗೆ ಬರುವ ದಾರಿಯಲ್ಲಿ ಅಪ್ಪನಿಗೆ ಹೇಳಿದೆ, "ಅಪ್ಪಾ, ಗಣಿತ ಇರ್ಲಿ. ನನಗ ಅದೇನ್ ಭಾರ ಆಗೂದಿಲ್ಲ."

"ಇಷ್ಟ ಮಂದೀನ್ನ ಡಾಕ್ಟರ್ ಮಾಡ್ಯಾರ ಅವರು. ಅವರಕಿಂತ ನೀ ಶಾಣೇಕೇನ?" ಎಂದ ಅಪ್ಪ. ಅವರು ಎಷ್ಟು ಜನರನ್ನು ಡಾಕ್ಟರ್ ಮಾಡಿದ್ದರೋ ನಾನು ಕಾಣೆ. ಗೋಡೆಯ ಮೇಲೆ ಕೆಲವು ಫೋಟೋಗಳಿದ್ದವು. ಮರುದಿನ ಕಾಲೇಜಿನ ಆಫೀಸಿಗೆ ಹೋಗಿ ಗಣಿತ ಹೊಡೆದುಹಾಕಿಸಿ ಭೂಗೋಳ ಬರೆಸಿ ಬಂದೆವು.

ಮೊದಮೊದಲು ಭೂಗೋಳದ ತರಗತಿಯಿಂದ ಹೊರಬರುವಾಗ ಪಕ್ಕದ ಕೋಣೆಯಲ್ಲಿ ಗಣಿತ ನಡೆಯುತ್ತಿರುವುದು ಕೇಳಿಸುತ್ತಿತ್ತು. ಬಾಗಿಲ ಬಳಿ ಒಂದೆರಡು ಸಲ ನಿಂತದ್ದೂ ಉಂಟು. ಆಮೇಲೆ ಆ ಕಡೆಯ ಮೆಟ್ಟಿಲು ಬಿಟ್ಟು ಇನ್ನೊಂದು ಮೆಟ್ಟಿಲಿಂದ ಇಳಿಯತೊಡಗಿದೆ.

ಹನ್ನೆರಡನೆಯದರಲ್ಲಿ ಇಡೀ ದೇಶಕ್ಕೆ ನಡೆಯುವ ಇನ್ನೊಂದು ವೈದ್ಯಕೀಯ ಪರೀಕ್ಷೆಯ ಮಾತೂ ಬಂತು. ಕ್ಲಾಸಿನ ಹುಡುಗಿಯರು ಅರ್ಜಿ ಹಾಕುತ್ತಿದ್ದರು. ಅಪ್ಪ ಒಪ್ಪಲಿಲ್ಲ. "ಪಾಸಾದ್ರ ಎಲ್ಲೋ ಬಿಹಾರಕ್ಕೋ ಬಂಗಾಳಕ್ಕೋ ಒಗೀತಾರ. ಹೆಣ್ಣುಹುಡುಗಿ, ಅಷ್ಟ ದೂರ ಕಳಸೂದು ನನ್ನಿಂದ ಆಗೂದಿಲ್ಲ," ಎಂದ. ಹದಿನಾಲ್ಕರ ಹುಡುಗಿಯನ್ನು ಧಾರವಾಡಕ್ಕೆ ಕಳಿಸಿದ್ದು ಅವನಿಗೆ ದೂರ ಅನ್ನಿಸಿರಲಿಲ್ಲ. ಆಗ ನನಗೂ ಅದು ಹೊಳೆಯಲಿಲ್ಲ, ರಾಜ್ಯದ ಪರೀಕ್ಷೆ ಒಂದು ಸಾಕು ಎಂದುಕೊಂಡೆ.

ಆ ಪರೀಕ್ಷೆಯನ್ನು ನಾನು ಚೆನ್ನಾಗಿ ಬರೆದೆ. ಇದನ್ನು ಹೇಳಲು ನನಗೆ ಸಂಕೋಚವಿಲ್ಲ. ಹಿಂದಿನ ವರ್ಷದ ಲೆಕ್ಕ ನೋಡಿದರೆ ಪುಣೆಯಲ್ಲಿ ಅಲ್ಲದಿದ್ದರೂ ಸೋಲಾಪುರದಲ್ಲೋ ಮಿರಜಿನಲ್ಲೋ ಸರಕಾರಿ ಕಾಲೇಜು ಸಿಗುವಂಥ ಅಂಕ. ಗಿರಣಿಯ ಮೇಲಿನ ಸರ್ ನನ್ನ ಫೋಟೋ ಕೇಳಿ ತೆಗೆದುಕೊಂಡರು. ಅವ್ವ ಮಿರಜ್ ಎಂದರೆ ಧಾರವಾಡದ ದಾರಿಯಲ್ಲೇ ಬರುತ್ತದೆ, ಹಬ್ಬಕ್ಕೆ ಹೋಗಿಬರುವಾಗ ಇಳಿದು ನೋಡಬಹುದು ಎಂದು ಆಗಲೇ ಲೆಕ್ಕ ಹಾಕತೊಡಗಿದ್ದಳು.

ದಾಖಲೆ ತೋರಿಸಲು ಕರೆದ ದಿನ ಅಪ್ಪ ರಜೆ ಹಾಕಿದ. ಉದ್ದನೆಯ ಹಾಲ್, ಸಾಲಾಗಿ ಮೇಜುಗಳು. ನಮ್ಮ ಮೇಜಿನಲ್ಲಿದ್ದದ್ದು ಕನ್ನಡಕ ಹಾಕಿದ ನಡುವಯಸ್ಸಿನ ಹೆಂಗಸು. ಒಂದೊಂದೇ ಕಾಗದ ತಿರುವಿ ಟಿಕ್ ಹಾಕುತ್ತ ಹೋದವರು ಒಂದು ಕಡೆ ನಿಂತರು.

"ದಹಾವೀ ಕುಠೂನ್ ಕೇಲೀ?" ಎಂದರು. ಹತ್ತನೆಯದು ಎಲ್ಲಿ ಮಾಡಿದ್ದು ಎಂದು.

"ಧಾರವಾಡ."

"ಕರ್ನಾಟಕ ಬೋರ್ಡ್?" ಕನ್ನಡಕ ತೆಗೆದು ಅಪ್ಪನ ಕಡೆ ನೋಡಿದರು. "ಮಗ ನಾಹೀ ಚಾಲಣಾರ." ಹಾಗಾದರೆ ನಡೆಯುವುದಿಲ್ಲ.

ಅಪ್ಪ ನಕ್ಕ. ಏನೋ ತಪ್ಪು ತಿಳಿದಿದ್ದಾರೆ ಎಂಬ ನಗು. ನಾವು ಇಲ್ಲಿಯವರೇ, ಇಪ್ಪತ್ತು ವರ್ಷದಿಂದ ಇಲ್ಲೇ ನೌಕರಿ, ಮಗಳು ಹುಟ್ಟಿದ್ದೇ ಇಲ್ಲಿ, ಈ ರಾಜ್ಯದ ನಿವಾಸಿ ಎಂಬ ರಹಿವಾಸಿ ದಾಖಲೆ ಇದೆ ಎಂದು ಮರಾಠಿಯಲ್ಲಿ ಒಂದೇ ಉಸಿರಿಗೆ ಹೇಳಿದ. ಆಕೆ ಸಮಾಧಾನದಿಂದಲೇ ವಿವರಿಸಿದರು. ಮೆಡಿಕಲ್ಲಿಗೆ ಹತ್ತನೆಯದೂ ಹನ್ನೆರಡನೆಯದೂ ಎರಡೂ ಮಹಾರಾಷ್ಟ್ರದಲ್ಲೇ ಆಗಿರಬೇಕು. ಹುಟ್ಟಿದ್ದು, ಇದ್ದದ್ದು ಲೆಕ್ಕಕ್ಕಿಲ್ಲ. ಮಾಹಿತಿ ಪುಸ್ತಕದಲ್ಲಿ ಮೊದಲೇ ಅಚ್ಚಾಗಿದೆ, ನೀವು ಓದಲಿಲ್ಲವೇ?

ಆ ಪುಸ್ತಕ ನಮ್ಮ ಮನೆಯಲ್ಲಿತ್ತು. ಅರ್ಜಿಯ ಹಾಳೆ ಹರಿದುಕೊಂಡ ಮೇಲೆ ಉಳಿದದ್ದನ್ನು ಅಪ್ಪ ಸೈಕಲ್ ಪಂಪಿನ ಪಕ್ಕ ಇಟ್ಟಿದ್ದ.

ಆಕೆಗೆ ನನ್ನ ಮುಖ ನೋಡಿ ಏನನ್ನಿಸಿತೋ. "ಬಾಳಾ, ಇಂಜಿನಿಯರಿಂಗಲಾ ಜಾ ನಾ," ಎಂದರು. ಇಂಜಿನಿಯರಿಂಗಿಗೆ ಹೋಗು ಮಗು, ಅಲ್ಲಿ ರಹಿವಾಸಿ ದಾಖಲೆ ಸಾಕು, ಹತ್ತನೆಯದು ಎಲ್ಲಾಗಿದ್ದರೂ ನಡೆಯುತ್ತದೆ.

"ಗಣಿತ ತಗೊಂಡಿಲ್ಲ," ಎಂದೆ. ಮರಾಠಿ ಬಾಯಿಗೆ ಬರದೆ ಕನ್ನಡದಲ್ಲೇ ಅಂದುಬಿಟ್ಟಿದ್ದೆ. ಆಕೆಗೆ ಗಣಿತ ಎಂಬುದೊಂದು ಅರ್ಥವಾಗಿರಬೇಕು. ಕಾಗದಗಳನ್ನು ಜೋಡಿಸಿ, ಅಂಚು ಸರಿಮಾಡಿ, ನನ್ನ ಕೈಗೇ ಕೊಟ್ಟರು. ಹಿಂದಿನವರು ಮುಂದೆ ಬಂದರು.

ಹೊರಗೆ ಬಂದು ಅಪ್ಪ ಒಂದು ಚಹಾದ ಗಾಡಿಯ ಹತ್ತಿರ ನಿಂತ. ಎರಡು ಚಹಾ ಹೇಳಿದ. ನಾನು ಕುಡಿಯಲಿಲ್ಲ. ಎರಡನ್ನೂ ಅವನೇ ಕುಡಿದ. ಆಮೇಲೆ, "ಆ ಕ್ಲಾಸಿನ ಸರ್ ಹೇಳಬೇಕಾಗಿತ್ತು," ಎಂದ.

ಅಲ್ಲಿಂದ ನೇರವಾಗಿ ಗಿರಣಿಯ ಮೇಲಿನ ಕ್ಲಾಸಿಗೆ ಹೋದೆವು. ಸರ್ ನಿಂತುಕೊಂಡೇ ಮಾತಾಡಿದರು, ಕೂತುಕೊಳ್ಳಿ ಎನ್ನಲಿಲ್ಲ. ನಾನು ಜೀವಶಾಸ್ತ್ರ ಕಲಿಸುವವನು, ನಿಮ್ಮ ಮಗಳ ಹತ್ತನೆಯದು ಎಲ್ಲಾಯಿತೆಂದು ನೋಡುವುದು ನನ್ನ ಕೆಲಸವೇ ಎಂದು ಕೇಳಿದರು. ಅದು ನಿಜವೇ. ನನ್ನ ಫೋಟೋವನ್ನು ಗೋಡೆಗೆ ಹಾಕಿಯಾಗಿತ್ತು. ತೆಗೆಯಿರಿ ಎಂದು ಹೇಳಬೇಕೆನ್ನಿಸಿತು, ಹೇಳಲಿಲ್ಲ. ಎಷ್ಟೋ ವರ್ಷ ಅದು ಅಲ್ಲೇ ಇತ್ತೆಂದು ಆಮೇಲೆ ತಮ್ಮ ಹೇಳಿದ.

ಧಾರವಾಡಕ್ಕೆ ಫೋನು ಹೋಯಿತು. ಅತ್ತೆ ಅತ್ತಳು, ಆಮೇಲೆ ಅಪ್ಪನಿಗೆ, "ನಾ ಏನ್ ಕಳಸಂತ ಹೇಳಿದ್ನೇನು? ನೀನ ತಂದ ಬಿಟ್ಟಿ," ಎಂದಳಂತೆ. ಅಪ್ಪ ಫೋನಿಟ್ಟು, "ಆಕೀನ ಕರದಿದ್ಲು, ಈಗ ನೋಡು," ಎಂದ. ಯಾರು ಕರೆದರೋ, ಯಾರು ಕಳಿಸಿದರೋ, ಈ ವಿಷಯದಲ್ಲಿ ಅಕ್ಕ ತಮ್ಮಂದಿರ ಮಾತು ಕೊನೆವರೆಗೆ ಹೊಂದಲಿಲ್ಲ. ನನ್ನನ್ನು ಮಾತ್ರ ಇಬ್ಬರೂ ಏನೂ ಕೇಳಲಿಲ್ಲ.

ಮುಂದಿನ ವರ್ಷ ಕರ್ನಾಟಕದಲ್ಲಿ ಪ್ರಯತ್ನ ಮಾಡೋಣ ಎಂದಾಯಿತು. ಹೊರನಾಡ ಕನ್ನಡಿಗರಿಗೆಂದು ಅಲ್ಲಿ ಬೆರಳೆಣಿಕೆಯ ಸೀಟುಗಳಿವೆ, ಕನ್ನಡ ಬರುತ್ತದೆಂದು ಒಂದು ಪರೀಕ್ಷೆ ಬರೆದು ತೋರಿಸಬೇಕು ಎಂದು ಅಪ್ಪನ ಸಹೋದ್ಯೋಗಿಯೊಬ್ಬರು ಹೇಳಿದ್ದರು. ಒಂದು ವರ್ಷ ಮನೆಯಲ್ಲಿ ಕೂತು ಕರ್ನಾಟಕದ ಪಠ್ಯಪುಸ್ತಕ ಓದಿದೆ. ಜೊತೆಯವರೆಲ್ಲ ಕಾಲೇಜು ಸೇರಿದ್ದರು. ಅವ್ವ ನೆರೆಹೊರೆಯವರಿಗೆ, "ಅಕೀಗೆ ಸ್ವಲ್ಪ ಆರಾಮ ಇರಲಿಲ್ಲ, ಅದಕ್ಕ ಗ್ಯಾಪ್ ತಗೊಂಡಾಳ," ಎಂದು ಹೇಳುತ್ತಿದ್ದಳು. ನನಗೆ ಏನು ಕಾಯಿಲೆ ಎಂದು ಒಬ್ಬಳು ಪಿಸುಮಾತಿನಲ್ಲಿ ವಿಚಾರಿಸಿದ್ದೂ ಆಯಿತು.

ಬೆಂಗಳೂರಿಗೆ ಅಪ್ಪನೊಂದಿಗೆ ಹೋದೆ. ಕನ್ನಡ ಪರೀಕ್ಷೆಯ ಕೋಣೆಯ ಹೊರಗೆ ದಾಖಲೆ ನೋಡುತ್ತಿದ್ದ ಹುಡುಗಿ, ನನಗಿಂತ ನಾಲ್ಕೈದು ವರ್ಷ ದೊಡ್ಡವಳಿರಬೇಕು, ನನ್ನ ಕಾಗದ ಹಿಡಿದು ಹುಬ್ಬು ಗಂಟಿಕ್ಕಿದಳು.

"ಎಸ್ಸೆಸ್ಸೆಲ್ಸಿ ಇಲ್ಲೇ ಓದಿದೀರಲ್ಲ, ಧಾರವಾಡದಲ್ಲಿ. ಹಾಗಿದ್ರೆ ನೀವು ಹೊರನಾಡು ಹೇಗಾಗ್ತೀರಾ?"

"ಎರಡ ವರ್ಷ ಅಷ್ಟ ಇದ್ದೆ ಮೇಡಂ," ಎಂದೆ. " ಮನಿ ಪುಣೇದಾಗದ."

"ಏಳು ವರ್ಷ ಇಲ್ಲಿ ಓದಿದ್ರೆ ಕರ್ನಾಟಕದವರು ಅಂತ. ಅದೂ ಇಲ್ಲ. ಪೂರ್ತಿ ಹೊರಗಡೆ ಓದಿದ್ರೆ ಹೊರನಾಡು. ಅದೂ ಇಲ್ಲ." ಪಕ್ಕದ ಮೇಜಿನವನನ್ನು ಕರೆದಳು. "ಸಾರ್, ಇವ್ರನ್ನ ಯಾವುದಕ್ಕೆ ಹಾಕೋದು?"

ಅವನು ತಲೆಯೆತ್ತದೆ, "ಬರೀಲಿ ಬಿಡಮ್ಮ, ಆಮೇಲೆ ನೋಡ್ಕೊಳ್ತಾರೆ," ಎಂದ. ಅಪ್ಪ ಅವನಿಗೆ ಕೈ ಮುಗಿದ. ಕಾರ್ಖಾನೆಯಲ್ಲಿ ಮ್ಯಾನೇಜರನಿಗೂ ತಲೆಬಾಗದ ಮನುಷ್ಯ ಎಂದು ಅವ್ವ ಹೆಮ್ಮೆಪಡುತ್ತಿದ್ದ ಅಪ್ಪ, ಮುಖ ನೋಡದವನೊಬ್ಬನಿಗೆ ಕೈ ಮುಗಿಯುತ್ತಿದ್ದ. ಆ ಹೊತ್ತಿನಲ್ಲಿ ನನಗೆ ಅವನ ಮೇಲೆ ಕನಿಕರ ಬರಬೇಕಾಗಿತ್ತು. ಬರಲಿಲ್ಲ.

ಕನ್ನಡ ಪರೀಕ್ಷೆ ಸುಲಭವಾಗಿತ್ತು. ವಿರುದ್ಧ ಪದಗಳು, ಗೆಳತಿಗೆ ಒಂದು ಪತ್ರ, ನಿಮ್ಮ ಊರಿನ ಬಗ್ಗೆ ಒಂದು ಪುಟ. ನನ್ನ ಮುಂದೆ ಕೂತಿದ್ದ ಮುಂಬಯಿಯ ಹುಡುಗ ಕಾಗುಣಿತ ಮರೆತು ಬೆವರುತ್ತಿದ್ದ. ನಾನು ಬೇಗ ಮುಗಿಸಿ ಕೂತೆ. ಅದರಲ್ಲಿ ಪಾಸಾದೆ. ಆದರೆ ಮುಖ್ಯ ಪರೀಕ್ಷೆಯಲ್ಲಿ ನನ್ನ ರ‍್ಯಾಂಕು ಆ ಕೆಲವೇ ಸೀಟುಗಳ ಹತ್ತಿರ ಸುಳಿಯುವಂಥದ್ದಾಗಿರಲಿಲ್ಲ. ಮನೆಯಲ್ಲಿ ಒಬ್ಬಳೇ ಕೂತು ಓದಿದ ವರ್ಷದಲ್ಲಿ ಏನೋ ಒಂದು ನನ್ನೊಳಗೆ ಸಡಿಲವಾಗಿತ್ತು. ಪ್ರಶ್ನೆಯ ನಡುವೆಯೇ ಮನಸ್ಸು ಬೇರೆಲ್ಲೋ ಹೋಗಿ ನಿಲ್ಲುತ್ತಿತ್ತು. ನನ್ನ ಸರದಿ ಬರುವ ಎಷ್ಟೋ ಮೊದಲೇ ಎಲ್ಲ ಮುಗಿದಿತ್ತು.

ಗಣಿತವಿಲ್ಲದೆ ಸಿಗುವ ಬಿ.ಎಸ್ಸಿ. ಮಾಡಿದೆ, ಸೂಕ್ಷ್ಮಜೀವಶಾಸ್ತ್ರದಲ್ಲಿ. ಅದು ಮುಗಿಯುವ ಹೊತ್ತಿಗೆ ಪುಣೆಯಲ್ಲಿ ಎಲ್ಲಿ ನೋಡಿದರೂ ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್ ಎಂಬ ಹೊಸ ಉದ್ಯೋಗದ ಬೋರ್ಡುಗಳು. ಅಮೆರಿಕದ ಡಾಕ್ಟರುಗಳು ತಮ್ಮ ರೋಗಿಗಳ ಬಗ್ಗೆ ಮಾತಾಡಿ ರೆಕಾರ್ಡ್ ಮಾಡಿದ್ದನ್ನು ಇಲ್ಲಿ ಕೂತು ಕೇಳಿ ಟೈಪು ಮಾಡುವುದು. ಖರಾಡಿಯಲ್ಲಿ ಆಗ ಹೊಲಗಳ ಮಧ್ಯೆ ಗಾಜಿನ ಕಟ್ಟಡಗಳು ಏಳುತ್ತಿದ್ದವು. ಅಂಥದೊಂದರಲ್ಲಿ ಕೆಲಸ ಸಿಕ್ಕಿತು. ಎರಡು ಬಸ್ಸು ಬದಲಿಸಿ ಹೋಗಬೇಕು. ಕಿವಿಗೆ ಹೆಡ್‌ಫೋನು, ಕಾಲಡಿಗೆ ಒಂದು ಪೆಡಲು. ಒತ್ತಿದರೆ ಡಾಕ್ಟರು ಮಾತಾಡುತ್ತಾನೆ, ಬಿಟ್ಟರೆ ನಿಲ್ಲುತ್ತಾನೆ. ದಿನವಿಡೀ ಅವರ ದನಿ. ಕೆಲವರು ತಿನ್ನುತ್ತ ಮಾತಾಡುತ್ತಿದ್ದರು, ಕೆಲವರು ಕಾರು ನಡೆಸುತ್ತ. ಸಂದರ್ಶನ ಮಾಡಿದವಳು ನನ್ನ ಬಿ.ಎಸ್ಸಿ. ನೋಡಿ, "ನಿಮ್ಮಂಥವರೇ ನಮಗೆ ಬೇಕು, ಮೆಡಿಕಲ್ ಪದಗಳು ಗೊತ್ತಿರ್ತಾವೆ," ಎಂದು ಖುಷಿಪಟ್ಟಿದ್ದಳು. ಕೆಲಸಕ್ಕೆ ಕೂತಾಗ ಗೊತ್ತಾಯಿತು, ಬಿ.ಕಾಂ. ಮಾಡಿದ ಹುಡುಗಿಯರು ನನಗಿಂತ ಬೇಗ ಟೈಪು ಮಾಡುತ್ತಾರೆ. ಪದದ ಅರ್ಥ ಯೋಚಿಸುತ್ತ ಕೂರುವವರು ಹಿಂದೆ ಬೀಳುತ್ತಾರೆ. ಕೆಲವು ತಿಂಗಳಲ್ಲಿ ಯೋಚಿಸುವುದನ್ನು ಬಿಟ್ಟೆ. ಮೇಲಿನವರು ನನ್ನ ವೇಗ ಸುಧಾರಿಸಿದೆ ಎಂದು ಹೊಗಳಿದರು.

ಅಷ್ಟರಲ್ಲಿ ತಮ್ಮನ ಪಾಳಿ ಬಂತು.

ಅವನ ಒಂಬತ್ತನೆಯದು ಹತ್ತನೆಯದು ಎಲ್ಲ ಪುಣೆಯಲ್ಲೇ ಆಗಿದ್ದವು. ಹನ್ನೊಂದನೆಯದಕ್ಕೆ ಅವನು ಗಣಿತ ತಗೊಂಡ, ಜೊತೆಗೆ ಅಂಕ ಸುಲಭವಾಗಿ ಬರುತ್ತವೆಂದು ಜೀವಶಾಸ್ತ್ರದ ಬದಲು ಎಲೆಕ್ಟ್ರಾನಿಕ್ಸ್ ತಗೊಂಡ. ಸಣ್ಣವನಿದ್ದಾಗಿಂದ ಅವನಿಗೆ ಗಣಿತ ಹೇಳಿಕೊಟ್ಟವಳು ನಾನೇ. ಹತ್ತನೆಯವರೆಗೆ ನಡೆಯಿತು. ಹನ್ನೊಂದನೆಯದರ ಪುಸ್ತಕ ತಂದು ನನ್ನ ಮುಂದೆ ಇಟ್ಟಾಗ ತಿರುವಿ ನೋಡಿ, "ಇದು ನನಗ ಬರೂದಿಲ್ಲೋ," ಎಂದೆ.

"ನೀ ಯಾಕ ಗಣಿತ ಬಿಟ್ಟಿ ಅಕ್ಕಾ?" ಎಂದು ಕೇಳಿದ. ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಅದೆಲ್ಲ ಆಗುವಾಗ ಅವನು ಅಂಗಳದಲ್ಲಿ ಕ್ರಿಕೆಟ್ ಆಡುತ್ತಿದ್ದ.

ಅಪ್ಪ ಈ ಸಲ ಬೇರೆಯೇ ಮನುಷ್ಯ. ಮಾಹಿತಿ ಪುಸ್ತಕ ಬಂದ ದಿನವೇ ಕನ್ನಡಕ ಹಾಕಿಕೊಂಡು, ಪೆನ್ಸಿಲ್ ಹಿಡಿದು, ಮೊದಲ ಪುಟದಿಂದ ಓದಿದ. ಅರ್ಥವಾಗದ ಕಡೆ ಗೆರೆ ಎಳೆದು, ಮರುದಿನ ಸ್ವತಃ ಹೋಗಿ ವಿಚಾರಿಸಿ ಬಂದ. ರಹಿವಾಸಿ ದಾಖಲೆ, ಶಾಲೆಯ ದಾಖಲೆ, ಎಲ್ಲದರ ನಕಲು ತಿಂಗಳುಗಳ ಮೊದಲೇ ತಯಾರು. ದೇಶದ ಬೇರೆ ಬೇರೆ ಊರುಗಳ ಪರೀಕ್ಷೆಗಳಿಗೂ ಅರ್ಜಿ ಹಾಕಿಸಿದ. ಅವುಗಳಲ್ಲೊಂದನ್ನು ಬರೆಸಲು ತಾನೇ ಜೊತೆಗೆ ಭೋಪಾಳಕ್ಕೆ ಹೋಗಿಬಂದ. ಅಪ್ಪನಿಗೆ ಇದೆಲ್ಲ ಮಾಡಲು ಬರುತ್ತಿತ್ತು. ಬರುವುದಿಲ್ಲ ಎಂದುಕೊಂಡಿದ್ದೆ ನಾನು.

ಒಂದು ದಿನ ಅವ್ವ ಪಲ್ಯದ ಮೆಂತ್ಯೆ ಬಿಡಿಸುತ್ತ ನನ್ನ ಪಕ್ಕ ಕೂತು, ಮೆಲ್ಲಗೆ, ಪ್ರೀತಿಯಿಂದಲೇ ಹೇಳಿದಳು: "ನಿನ್ನ ಸಲುವಾಗಿ ಇವಂದರೆ ಹಸನಾತು ನೋಡವಾ. ಇಲ್ಲಂದ್ರ ನಮಗೇನ ಗೊತ್ತಾಗ್ತಿತ್ತು?"

ನಾನು ಎದ್ದು ಒಳಗೆ ಹೋದೆ. ಅವಳಿಗೆ ಯಾಕೆಂದು ತಿಳಿಯಲಿಲ್ಲ.

ತಮ್ಮನಿಗೆ ಪುಣೆಯ ಒಳ್ಳೆಯ ಕಾಲೇಜಿನಲ್ಲೇ ಇಂಜಿನಿಯರಿಂಗ್ ಸಿಕ್ಕಿತು. ಆ ಭಾನುವಾರ ಅಪ್ಪ ಪೇಢೆ ತಂದು ಇಡೀ ಬಿಲ್ಡಿಂಗಿಗೆ ಹಂಚಿದ. ನಾನು ತಾಟು ಹಿಡಿದಿದ್ದೆ, ಅಪ್ಪ ಮುಂದೆ. ಮೂರನೆಯ ಮಹಡಿಗೆ ಹೊಸದಾಗಿ ಬಂದಿದ್ದ, ಎಲ್ಲರೂ ಕಾಕೂ ಎನ್ನುತ್ತಿದ್ದ ಹೆಂಗಸೊಬ್ಬರು ಪೇಢೆ ತಗೊಂಡು, ನನ್ನನ್ನು ಮೇಲಿಂದ ಕೆಳಗೆ ನೋಡಿ, ಮಗಳು ಏನು ಮಾಡುತ್ತಾಳೆ ಎಂದು ಅಪ್ಪನನ್ನು ಕೇಳಿದರು.

"ಡಾಕ್ಟರ್ ಲೈನ್‌ಮಧೇ ಆಹೇ," ಎಂದ ಅಪ್ಪ. ಡಾಕ್ಟರ ಲೈನಿನಲ್ಲಿದ್ದಾಳೆ. ತಡವರಿಸದೆ ಹೇಳಿದ. ಈ ಮಾತನ್ನು ಅವನು ಮೊದಲೂ ಎಷ್ಟೋ ಕಡೆ ಹೇಳಿದ್ದಾನೆ ಎಂಬುದು ಆ ದನಿಯಲ್ಲೇ ತಿಳಿಯಿತು.

ಕಾಕೂ ಮುಖ ಅರಳಿತು. "ಅಗ್ಗಬಾಯಿ! ಡಾಕ್ಟರ್?"

"ನಾಹೀ ಕಾಕೂ," ಎಂದೆ. "ಮೀ ಟಾಯಪಿಂಗ್ ಕರತೇ." ಡಾಕ್ಟರ್ ಅಲ್ಲ, ಟೈಪಿಂಗ್ ಮಾಡುತ್ತೇನೆ ಎಂದು.

ಅಪ್ಪ ತಾಟನ್ನು ನನ್ನ ಕೈಯಿಂದ ತೆಗೆದುಕೊಂಡು ಮೆಟ್ಟಿಲಿಳಿದ. ಉಳಿದ ಮನೆಗಳಿಗೆ ಪೇಢೆ ಹೋಗಲಿಲ್ಲ.

ಮನೆಗೆ ಬಂದ ಮೇಲೆ ಅವನು ಕೂಗಾಡಲಿಲ್ಲ. ಕುರ್ಚಿಯಲ್ಲಿ ಕೂತು, "ಮಂದಿ ಮುಂದ ನನ್ನ ಮರ್ಯಾದಿ ತಗದಿ," ಎಂದ.

"ನಾ ಏನ್ ಸುಳ್ಳ ಹೇಳಿದೆ?"

"ನೀ ಇಷ್ಟ ವರ್ಷಾತು ಮನಸಿನಾಗ ಇಟಗೊಂಡ ಕೂತೀದಿ. ನನಗೇನ ತಿಳೀದಂತ ತಿಳದೀಯೇನ?" ಅಪ್ಪ ಕುರ್ಚಿ ಬಿಟ್ಟು ಎದ್ದ. "ನಮ್ಮಕ್ಕನ ಕಾಲ ಮುರದಿತ್ತು. ಆಕೀಗೆ ಯಾರೂ ಇರಲಿಲ್ಲ. ನಾ ಏನ ಮಾಡಬೇಕಾಗಿತ್ತು, ಹೇಳು. ಯಾರನ್ನ ಕಳಸಬೇಕಾಗಿತ್ತು?"

"ಅವ್ವ ಹೋಗಬಹುದಿತ್ತು," ಎಂದೆ. "ನಾ ಇಲ್ಲಿ ಅಡಿಗಿ ಮಾಡತಿದ್ದೆ. ಸಾಲೀಗೂ ಹೋಗತಿದ್ದೆ."

ಅಪ್ಪ ಅವ್ವನ ಕಡೆ ನೋಡಿದ. ಅವ್ವ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಉತ್ತರ ಬಂದದ್ದು ಅವಳಿಂದ.

"ನಾ ಹೆಂಗ ಹೋಗ್ಲೇ? ಇವನ ಸಾಲಿ ಇತ್ತಲ್ಲ."

ತಮ್ಮ ಅಲ್ಲೇ ಇದ್ದ, ಕೈಯಲ್ಲಿ ಅರ್ಧ ತಿಂದ ಪೇಢೆ. ಎರಡನೆಯ ತರಗತಿಯ ಹುಡುಗನ ಶಾಲೆ. ಅವ್ವ ಮುಚ್ಚುಮರೆಯಿಲ್ಲದೆ ನಿಜವನ್ನೇ ಹೇಳಿದ್ದಳು. ತನ್ನ ಮಾತು ನನಗೆ ಹೇಗೆ ಕೇಳಿಸಿತೆಂದು ಅವಳಿಗೆ ತಡವಾಗಿ ಹೊಳೆದಿರಬೇಕು, "ಹಂಗಲ್ಲವಾ..." ಎಂದು ಶುರುಮಾಡಿ ನಿಲ್ಲಿಸಿದಳು. ನಾನು ಚಪ್ಪಲಿ ಮೆಟ್ಟಿ ಹೊರಗೆ ಹೋಗಿ ಬಸ್ ಸ್ಟಾಪಿನಲ್ಲಿ ಕೂತೆ. ಬಸ್ಸುಗಳು ಬಂದವು, ಹೋದವು. ಕತ್ತಲಾಗುವ ಮೊದಲು ವಾಪಸು ಬಂದೆ. ಹೋಗಲು ಬೇರೆ ಜಾಗವಿರಲಿಲ್ಲ.

ಆಮೇಲೆ ನಮ್ಮ ಮನೆಯಲ್ಲಿ ಈ ಮಾತು ಮತ್ತೆ ಬರಲಿಲ್ಲ. ಅಪ್ಪ ನನ್ನ ಕೆಲಸದ ಬಗ್ಗೆ ಯಾರಾದರೂ ಕೇಳಿದರೆ "ಖರಾಡಿಯಲ್ಲಿ ಆಫೀಸು" ಎಂದಷ್ಟೇ ಹೇಳತೊಡಗಿದ.

ಮುಂದಿನ ವರ್ಷ ನಾನೊಂದು ಕೆಲಸ ಮಾಡಿದೆ. ಹನ್ನೆರಡನೆಯದು ಪಾಸಾದವರು ಬಿಟ್ಟುಹೋದ ಒಂದೇ ವಿಷಯವನ್ನು ಖಾಸಗಿಯಾಗಿ ಬರೆಯಬಹುದು ಎಂದು ಆಫೀಸಿನ ಗೆಳತಿಯೊಬ್ಬಳಿಂದ ತಿಳಿಯಿತು. ಹಳೆಯ ಕಾಲೇಜಿಗೆ ಹೋಗಿ ಗಣಿತಕ್ಕೆ ಅರ್ಜಿ ಕೊಟ್ಟೆ. ಅಲ್ಲಿಯ ಕ್ಲಾರ್ಕು ನನ್ನ ವಯಸ್ಸು ನೋಡಿ, ಇಂಜಿನಿಯರಿಂಗಿಗೆ ಹೋಗುವುದಿದೆಯೇ ಎಂದು ಕೇಳಿದ. ಇಲ್ಲ ಎಂದೆ. ಹಾಗಾದರೆ ಯಾಕೆ ಎಂದು ಕೇಳಿದ. ಫೀ ಎಷ್ಟು ಕಟ್ಟಬೇಕೆಂದು ಕೇಳಿದೆ.

ತಮ್ಮ ಬಿಟ್ಟಿದ್ದ ಪುಸ್ತಕಗಳನ್ನು ಬಸ್ಸಿನಲ್ಲಿ ಓದಿದೆ. ಅವನು ಭಾನುವಾರಗಳಲ್ಲಿ ಹೇಳಿಕೊಟ್ಟ. ತಾಳ್ಮೆಯಿಂದ ಹೇಳಿಕೊಡುತ್ತಿದ್ದ, ತಪ್ಪು ಮಾಡಿದರೆ ನಗುತ್ತಿರಲಿಲ್ಲ. ಪರೀಕ್ಷೆಯ ದಿನ ನಾನು ಕೋಣೆಯೊಳಗೆ ಕಾಲಿಟ್ಟಾಗ ಅಲ್ಲಿದ್ದ ಹುಡುಗ ಹುಡುಗಿಯರೆಲ್ಲ, ಪರೀಕ್ಷೆ ನಡೆಸಲು ಬಂದ ಮೇಡಂ ಎಂದುಕೊಂಡು, ದಡಬಡನೆ ಎದ್ದು ನಿಂತರು. ನಾನು ನನ್ನ ನಂಬರಿನ ಬೆಂಚು ಹುಡುಕಿ ಅವರ ನಡುವೆ ಕೂತೆ. ಪಿಸಿಪಿಸಿ ನಗು ಎದ್ದು ಅಡಗಿತು.

ಅಂಕಗಳು ಚೆನ್ನಾಗಿಯೇ ಬಂದವು. ಅಪ್ಪ ಅಂಕಪಟ್ಟಿಯನ್ನು ಕೈಯಲ್ಲಿ ಹಿಡಿದು ನೋಡಿದ. "ಇದ್ರಿಂದ ಈಗ ಏನ್ ಉಪಯೋಗ?" ಎಂದು ಕೇಳಿದ. ಚುಚ್ಚಬೇಕೆಂದು ಕೇಳಿದ್ದಲ್ಲ, ತಿಳಿದುಕೊಳ್ಳಬೇಕೆಂದೇ ಕೇಳಿದ.

"ಏನೂ ಇಲ್ಲ," ಎಂದೆ. ಬಸ್ಸಿಗೆ ಹೊತ್ತಾಗಿತ್ತು. ಡಬ್ಬಿ ಎತ್ತಿಕೊಂಡು ಕೆಲಸಕ್ಕೆ ಹೋದೆ.